ಏಳನೇ ಕಾಲು ಗಾಳಿಯಲ್ಲಿ: 24ಸಿ256 ಮೆಮೊರಿ ಮಾಡ್ಯೂಲ್, ಆರು ತಿಂಗಳ ಬಳಕೆಯ ನಂತರ

ಕಲಬುರಗಿಯ ನೆಹರು ಗಂಜ್ ಹಿಂದಿನ ಓಣಿಯಲ್ಲಿ ನನ್ನ ತೂಕದ ಕಾಟಾ ರಿಪೇರಿ ಅಂಗಡಿ ಇದೆ. ಅಪ್ಪನ ಕಾಲಕ್ಕೆ ತಕ್ಕಡಿ, ಬಟ್ಟು ಇದ್ದವು. ನನ್ನ ಕಾಲಕ್ಕೆ ಲೋಡ್ ಸೆಲ್, ಡಿಸ್‌ಪ್ಲೇ ಬಂದವು. ಅಡತಿ ಅಂಗಡಿಗಳ ಕೆಲಸ ತೊಗರಿ ಸುಗ್ಗಿಯಲ್ಲಿ ಜೋರು, ಆಮೇಲೆ ತಣ್ಣಗಾಗುತ್ತದೆ. ಹಾಗಾಗಿ ಎರಡು ವರ್ಷದಿಂದ ದಾಲ್ ಮಿಲ್‌ಗಳಿಗೆ ಚೀಲ ಎಣಿಸುವ ಪೆಟ್ಟಿಗೆಯನ್ನೂ ಮಾಡಿಕೊಡುತ್ತಿದ್ದೇನೆ. ಲಾರಿಗೆ ಚೀಲ ಏರಿಸುವ ಬೆಲ್ಟಿನ ಪಕ್ಕ ಒಂದು ಸೆನ್ಸರ್ ಕಣ್ಣು, ಪೆಟ್ಟಿಗೆಯೊಳಗೆ ಲೆಕ್ಕ ಇಡುವ ಪುಟ್ಟ ಕಂಪ್ಯೂಟರಿನಂಥ ಒಂದು ನ್ಯಾನೋ ಬೋರ್ಡ್, ಮುಂದೆ ನಾಲ್ಕು ಅಂಕಿಯ ಕೆಂಪು ಡಿಸ್‌ಪ್ಲೇ. ಕರೆಂಟ್ ಹೋಗಿ ಬಂದರೂ ಲೆಕ್ಕ ಉಳಿಯಬೇಕಲ್ಲ, ಅದಕ್ಕೆ ಒಂದು ಮೆಮೊರಿ ಬೇಕು. ಆ ಮೆಮೊರಿಗೆಂದು ಹೋದ ನವೆಂಬರಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಮಾಡ್ಯೂಲ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಇದೇ ನೀಲಿ ಬೋರ್ಡನ್ನು ಎಷ್ಟೋ ಜನ ಎಷ್ಟೋ ಹೆಸರಿನಲ್ಲಿ ಮಾರುತ್ತಾರೆ, ನೋಡಿದವರಿಗೆ ಗುರುತು ಸಿಗುತ್ತದೆ.

ಐದರ ಪೊಟ್ಟಣ, ಆರು ದಿನಕ್ಕೆ ಕಲಬುರಗಿ ಮುಟ್ಟಿತು. ಒಂದೊಂದೂ ಬೇರೆ ಬೇರೆ ಕವರಿನಲ್ಲಿ, ಕಾಲುಗಳು ಬಾಗದಂತೆ ಫೋಮಿಗೆ ಚುಚ್ಚಿ ಬಂದಿದ್ದವು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬೋರ್ಡು. ನಡುವೆ ಎಂಟು ಕಾಲಿನ ಚಿಪ್, ಮೈಮೇಲೆ 24ಸಿ256 ಅಂತ ಅಚ್ಚು. ಕಂಪನಿಯ ಗುರುತು ಯಾವುದೂ ಇಲ್ಲ. ಒಂದು ಅಂಚಿಗೆ ನಾಲ್ಕು ಪಿನ್: ವಿಸಿಸಿ (ಸಪ್ಲೈ ವೋಲ್ಟೇಜ್), ಗ್ರೌಂಡ್ (ಸೊನ್ನೆ ವೋಲ್ಟ್), ಎಸ್‌ಸಿಎಲ್ (ತಾಳ ಕೊಡುವ ತಂತಿ), ಎಸ್‌ಡಿಎ (ಡೇಟಾ ಹೋಗುವ ತಂತಿ). ಇನ್ನೊಂದು ಅಂಚಿಗೆ ಚಿಪ್ಪಿನ ವಿಳಾಸ ಗೊತ್ತುಮಾಡುವ ಜಂಪರ್ (ಎರಡು ಬಿಂದು ಸೇರಿಸುವ ಕೊಂಡಿ) ಜಾಗ, ಅದರ ಪಕ್ಕ ಡಬ್ಲ್ಯೂಪಿ ಅಂತ ಬರೆದ ಮೂರು ಪಿನ್ನಿನ ಸಾಲು. ಬೆಸುಗೆ ಚೊಕ್ಕ ಇದೆ. ಎಸ್‌ಡಿಎ, ಎಸ್‌ಸಿಎಲ್ ಎರಡಕ್ಕೂ ವಿಸಿಸಿ ಕಡೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್ ಬೋರ್ಡಿನಲ್ಲೇ ಕೊಟ್ಟಿದ್ದಾರೆ, ಹೊರಗೆ ಬೇರೆ ಹಾಕುವ ತ್ರಾಸಿಲ್ಲ.

ಮೊದಲು ಚಿಪ್ಪಿನ ಬಗ್ಗೆ, ಏಕೆಂದರೆ ಚಿಪ್ ಒಳ್ಳೆಯದು. ಗುರುತಿಲ್ಲದ ಮೆಮೊರಿ ತಂದಾಗ ನಾನು ಮಾಡುವ ಮೊದಲ ಪರೀಕ್ಷೆ, ಹೇಳಿದಷ್ಟು ಜಾಗ ಒಳಗೆ ನಿಜಕ್ಕೂ ಇದೆಯೇ ಅಂತ. 256 ಅಂದರೆ 256 ಕಿಲೋಬಿಟ್, ಅಂದರೆ 32,768 ಬೈಟ್. ಸೊನ್ನೆ ವಿಳಾಸಕ್ಕೆ ಒಂದು ಅಂಕಿ, 16,384ನೇ ವಿಳಾಸಕ್ಕೆ ಇನ್ನೊಂದು ಅಂಕಿ ಬರೆದು, ಮತ್ತೆ ಸೊನ್ನೆಗೆ ಬಂದು ಓದಬೇಕು. ಅರ್ಧ ಜಾಗದ ಚಿಪ್ಪಿಗೆ ದೊಡ್ಡ ನಂಬರ್ ಅಚ್ಚೊತ್ತಿದ್ದರೆ ಎರಡನೆಯ ಅಂಕಿ ಮೊದಲನೆಯದರ ಮೇಲೇ ಕೂತಿರುತ್ತದೆ. ಇವು ಐದಕ್ಕೆ ಐದೂ ಪಾಸು. 64 ಬೈಟಿನ ಪುಟ ಒಂದೇ ಸಲ ಬರೆದು 5 ಮಿಲಿಸೆಕೆಂಡ್ ಕಾದರೆ ಬರಹ ಮುಗಿದಿರುತ್ತಿತ್ತು. ಈಗ ಮೇ ತಿಂಗಳು, ಮಿಲ್ಲಿನ ತಗಡಿನ ಶೆಡ್ಡಿನೊಳಗೆ ಪೆಟ್ಟಿಗೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ಆದರೂ ಒಂದು ಬೈಟ್ ಕೆಟ್ಟಿಲ್ಲ. ಒಂದಕ್ಕೆ ಎಪ್ಪತ್ತು ಚಿಲ್ಲರೆ ರೂಪಾಯಿ ಬಿತ್ತು. ಆ ದುಡ್ಡಿಗೆ ಚಿಪ್ಪಿನ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ತಕರಾರು ಇರುವುದು ಏಳನೇ ಕಾಲಿನ ಬಗ್ಗೆ.

ಈ ಜಾತಿಯ ಚಿಪ್ಪಿನಲ್ಲಿ ಏಳನೇ ಕಾಲು ಡಬ್ಲ್ಯೂಪಿ, ಬರಹಕ್ಕೆ ಹಾಕುವ ಬೀಗ. ಅದನ್ನು ಗ್ರೌಂಡಿಗೆ ಕಟ್ಟಿದರೆ ಬರೆಯಬಹುದು, ವಿಸಿಸಿಗೆ ಕಟ್ಟಿದರೆ ಓದಬಹುದು ಅಷ್ಟೆ, ಬರೆಯಲಾಗದು. ಈ ಬೋರ್ಡಿನ ಮೂರು ಪಿನ್ನಿನ ಸಾಲಿನಲ್ಲಿ ನಡುವಿನದು ಏಳನೇ ಕಾಲಿಗೆ ಹೋಗುತ್ತದೆ, ಒಂದು ಪಕ್ಕ ವಿಸಿಸಿ, ಇನ್ನೊಂದು ಪಕ್ಕ ಗ್ರೌಂಡ್. ಜಂಪರ್ ಕ್ಯಾಪ್ ಕೊಟ್ಟಿಲ್ಲ. ರೆಸಿಸ್ಟರ್ ಕೂಡ ಹಾಕಿಲ್ಲ. ಅಂದರೆ ನೀವು ಏನೂ ಮಾಡದಿದ್ದರೆ ಬೀಗದ ಕಾಲು ಯಾವುದಕ್ಕೂ ಸೇರದೆ ಗಾಳಿಯಲ್ಲಿ ನಿಂತಿರುತ್ತದೆ. ಮಾರಾಟದ ಪುಟದಲ್ಲಿ ಮಾತ್ರ ಧೈರ್ಯವಾಗಿ ಬರೆದಿದ್ದಾರೆ: ಡಬ್ಲ್ಯೂಪಿ ತೆರೆದಿಟ್ಟರೂ ಬರೆಯಲು ತೊಂದರೆ ಇಲ್ಲ. ನಾನು ಅದನ್ನು ನಂಬಿದೆ. ಟೇಬಲ್ ಮೇಲೆ ನಾಲ್ಕು ದಿನ ಓಡಿಸಿ ನೋಡಿದೆ, ತೊಂದರೆ ಬರಲಿಲ್ಲ. ಎರಡು ಪೆಟ್ಟಿಗೆ ಕಟ್ಟಿ ಕಪನೂರು ಕಡೆಯ ಒಂದು ಮಿಲ್ಲಿಗೆ ಕೊಟ್ಟೆ.

ಜನವರಿ ಎರಡನೇ ವಾರ ಸಾವಕಾರ್ರ ಫೋನು ಬಂತು. "ಲಗೂ ಬರ್ರಿ, ಇಲ್ಲಿ ಜಗಳ ಹತ್ಯಾದ." ಹೋಗಿ ನೋಡಿದರೆ ಲಾರಿ ಅರ್ಧ ತುಂಬಿ ನಿಂತಿದೆ, ಹಮಾಲರು ಕೆಳಗೆ ಕೂತಿದ್ದಾರೆ. ಲೋಡ್ ನಡೆಯುವಾಗ ಕರೆಂಟ್ ಹೋಗಿ, ಜನರೇಟರ್ ಹಾಕಿದ್ದಾರೆ. ಹೋಗುವ ಮೊದಲು ಡಿಸ್‌ಪ್ಲೇ ಎಷ್ಟು ತೋರಿಸುತ್ತಿತ್ತು ಅಂತ ಯಾರೂ ನೋಡಿಲ್ಲ. ಬಂದ ಮೇಲೆ ತೋರಿಸಿದ್ದು 187. ಹಮಾಲರ ಹಿರಿಯ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆ ತೋರಿಸಿದ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಅಂಥ ಕಟ್ಟು ನಲವತ್ತೆರಡು, ಮೇಲೆ ಎರಡು ಗೆರೆ. 212.

"ನಮ್ ಲೆಕ್ಕ ತಪ್ಪಂಗಿಲ್ರಿ ಅಣ್ಣಾರ. ಇಪ್ಪತ್ತೈದು ಚೀಲದ ಹಮಾಲಿ ಯಾರ್ ಕೊಡ್ತಾರ?"

ನಾನು ಲಾರಿ ಹತ್ತಿ ಎಣಿಸಿದೆ. 212 ಚೀಲ, ಒಂದೂ ಹೆಚ್ಚು ಕಡಿಮೆ ಇಲ್ಲ. ಸಾವಕಾರ್ರ ಎದುರಿಗೇ ಹೇಳಿದೆ, "ಕಾಕಾನ ಲೆಕ್ಕ ಖರೇ ಅದ, ಮಷೀನ್ ತಪ್ಪಾಗ್ಯಾದ." ಹಮಾಲಿ 212ಕ್ಕೇ ಆಯಿತು. ಪೆಟ್ಟಿಗೆ ಬಿಚ್ಚಿಕೊಂಡು ಅಂಗಡಿಗೆ ತಂದೆ. ಐವತ್ತು ಕಿಲೋದ ಚೀಲ ಬೆನ್ನಿನ ಮೇಲೆ ಹೊತ್ತವನ ಲೆಕ್ಕವನ್ನು ನಾನು ಮಾಡಿಕೊಟ್ಟ ಪೆಟ್ಟಿಗೆ ಸುಳ್ಳು ಮಾಡಿತ್ತು ಅನ್ನುವುದು ಆವತ್ತು ರಾತ್ರಿಯಿಡೀ ಕೊರೆಯಿತು.

ತಂಗಿಯ ಮಗಳು ಇಲ್ಲೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾಳೆ, ಸಂಜೆ ಅಂಗಡಿಗೆ ಬರುತ್ತಾಳೆ. ಇಬ್ಬರೂ ಕೂತು ಪೆಟ್ಟಿಗೆ ಬಿಚ್ಚಿದೆವು. ಒಳಗೆಲ್ಲಾ ಹಳದಿ ಧೂಳು. ದಾಲ್ ಮಿಲ್ ಕೆಲಸ ಗೊತ್ತಿದ್ದವರಿಗೆ ಈ ಧೂಳು ಗೊತ್ತು. ಸಿಪ್ಪೆ ಬಿಡಲಿ ಅಂತ ತೊಗರಿಗೆ ಎಣ್ಣೆ ಸವರಿ, ನೀರು ಹಾಕಿ, ಬಿಸಿಲಿಗೆ ಹರವುತ್ತಾರೆ. ಆಮೇಲೆ ಒಡೆಯುವಾಗ ಹಾರುವ ಪುಡಿಯಲ್ಲಿ ಆ ಎಣ್ಣೆಯ ಪಸೆ, ತೇವ ಎರಡೂ ಇರುತ್ತವೆ. ಬೆರಳಿಗೆ ಹತ್ತಿದರೆ ಒರೆಸಿದರೂ ಹೋಗುವುದಿಲ್ಲ. ಆ ಪುಡಿ ಡಬ್ಲ್ಯೂಪಿಯ ಮೂರು ಪಿನ್ನುಗಳ ಬುಡದಲ್ಲಿ ಮೆತ್ತಿ ಕೂತಿತ್ತು. ಒಂದು ಪಿನ್ನಿಗೂ ಇನ್ನೊಂದಕ್ಕೂ ನಡುವೆ ಇರುವುದು 2.54 ಮಿಲಿಮೀಟರ್.

ಪೆಟ್ಟಿಗೆಗೆ ಕರೆಂಟ್ ಕೊಟ್ಟು, ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಏಳನೇ ಕಾಲಿಗೆ ಹಿಡಿದೆ. 2.9 ವೋಲ್ಟ್. ಐದು ವೋಲ್ಟಿನ ಸಪ್ಲೈಯಲ್ಲಿ ಈ ಚಿಪ್ಪುಗಳ ಲೆಕ್ಕ ಹೀಗೆ: ನೂರಕ್ಕೆ ಮೂವತ್ತರ ಕೆಳಗೆ, ಅಂದರೆ 1.5 ವೋಲ್ಟಿನ ಕೆಳಗಿದ್ದರೆ ಸೊನ್ನೆ. ಎಪ್ಪತ್ತರ ಮೇಲೆ, 3.5ರ ಮೇಲಿದ್ದರೆ ಒಂದು. ನಡುವೆ ಇದ್ದದ್ದನ್ನು ಚಿಪ್ ಹೇಗೆ ತಿಳಿಯುತ್ತದೋ ಯಾರೂ ಖಾತ್ರಿ ಕೊಡುವುದಿಲ್ಲ. ಅಷ್ಟರಲ್ಲಿ ಹುಡುಗಿ ಸೆನ್ಸರ್ ಮುಂದೆ ಕೈ ಆಡಿಸುತ್ತಾ ಎಣಿಕೆ ಏರಿಸುತ್ತಿದ್ದವಳು ಕೂಗಿದಳು, "ಮಾಮಾ, ಮೀಟರ್ ಹಚ್ಚಿದ್ರ ಒಂದೊಂದ್ ಸಲ ಬರೀತದ, ತೆಗದ್ರ ಬರಿಯಂಗೇ ಇಲ್ಲ."

ಗುಟ್ಟು ಅಲ್ಲೇ ಇತ್ತು. ಡಿಜಿಟಲ್ ಮೀಟರಿನ ಒಳಗೇ ಸುಮಾರು 10 ಮೆಗಾಓಮ್ ಇರುತ್ತದೆ. ಅದನ್ನು ಹಚ್ಚಿದರೆ ಏಳನೇ ಕಾಲನ್ನು ಅಷ್ಟು ಸಣ್ಣಗೆ ಗ್ರೌಂಡಿನ ಕಡೆ ಎಳೆದಂತೆ. ಅಷ್ಟಾದರೂ 2.9 ಇದೆ ಅಂದರೆ, ಎಣ್ಣೆಯ ಧೂಳಿನ ಮೂಲಕ ವಿಸಿಸಿ ಕಡೆಯಿಂದ ಸುಮಾರು 7 ಮೆಗಾಓಮಿನ ದಾರಿ ಆಗಿದೆ ಅಂತ ಲೆಕ್ಕ. ಮೀಟರ್ ತೆಗೆದರೆ ಕಾಲು ಪೂರಾ ಮೇಲೆ ಹೋಗಿ ಬೀಗ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಿನಿಂದ ತೊಳೆದೆ. ಮತ್ತೆ ಅಳೆದರೆ ಸೊನ್ನೆಯ ಹತ್ತಿರ, ಬರಹವೂ ಸರಿ.

ಹಾಗಾದರೆ 187ರ ಆಚೆ ಬರಹ ನಿಂತದ್ದು ಮೊದಲೇ ಏಕೆ ಗೊತ್ತಾಗಲಿಲ್ಲ? ಡಿಸ್‌ಪ್ಲೇಗೆ ಅಂಕಿ ಹೋಗುವುದು ನ್ಯಾನೋದ ಒಳಗಿನ ಲೆಕ್ಕದಿಂದ. ಮೆಮೊರಿಗೆ ಬರೆಯುವುದು ಬೇರೆ. ಬೀಗ ಬಿದ್ದಿದ್ದರೂ ಈ ಚಿಪ್ ವಿಳಾಸಕ್ಕೂ ಡೇಟಾಕ್ಕೂ "ಬಂತು" ಅಂತ ಉತ್ತರ ಕೊಡುತ್ತದೆ, ಬರೆಯುವುದನ್ನು ಮಾತ್ರ ಬಿಡುತ್ತದೆ. ಎಸ್‌ಟಿ ಅನ್ನುವ ಚಿಪ್ ಕಂಪನಿಯವರ ಎಂ24ಸಿ ಸಾಲಿನ ಚಿಪ್ಪುಗಳು ಇದರಲ್ಲಿ ಬೇರೆ ಥರ: ಬೀಗ ಇದ್ದಾಗ ವಿಳಾಸಕ್ಕೆ ಉತ್ತರ ಕೊಟ್ಟು, ಡೇಟಾ ಬೈಟಿಗೆ ಉತ್ತರ ಕೊಡುವುದಿಲ್ಲ, ಹಾಗಾಗಿ ಪ್ರೋಗ್ರಾಮಿಗೆ ತಕ್ಷಣ ಗೊತ್ತಾಗುತ್ತದೆ. ನಾನು ಉತ್ತರವನ್ನೇ ನಂಬಿ, ಬರೆದದ್ದನ್ನು ತಿರುಗಿ ಓದಿ ನೋಡುವ ಸಾಲು ಹಾಕಿರಲಿಲ್ಲ. ಅಷ್ಟು ನನ್ನ ತಪ್ಪು, ಅದನ್ನು ಮಾಡ್ಯೂಲಿನ ಮೇಲೆ ಹಾಕುವುದಿಲ್ಲ.

ಆದರೆ "ತೆರೆದಿಟ್ಟರೂ ತೊಂದರೆ ಇಲ್ಲ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಚಿಪ್ ಕಂಪನಿಗಳ ವಿವರಪತ್ರ, ಅಂದರೆ ಡೇಟಾಶೀಟ್‌ಗಳನ್ನು ತೆಗೆದು ಓದಿದೆ. ಆಟ್ಮೆಲ್‌ನವರ ಎಟಿ24ಸಿ256ರಲ್ಲಿ ಈ ಕಾಲನ್ನು ಒಳಗಿನಿಂದಲೇ ಗ್ರೌಂಡಿಗೆ ಎಳೆದಿರುತ್ತಾರೆ, ನಿಜ. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತಿದೆ: ಬೋರ್ಡಿನ ವಿಸಿಸಿ ಜೊತೆ ಆ ಕಾಲಿನ ಕೆಪ್ಯಾಸಿಟನ್ಸ್ (ಹತ್ತಿರದ ಲೋಹಗಳ ನಡುವಿನ ಚಾರ್ಜಿನ ಹಿಡಿತ) 3 ಪಿಕೋಫ್ಯಾರಡ್ ಮೀರಿದರೆ ಗ್ರೌಂಡಿಗೆ ಕಟ್ಟಿರಿ ಅಂತ. ವಿಸಿಸಿ ಪಿನ್ನಿನ ಪಕ್ಕದಲ್ಲೇ ಇನ್ನೊಂದು ಉದ್ದ ಪಿನ್ ನಿಲ್ಲಿಸಿದ ಬೋರ್ಡಿನವರು ಈ ಸಾಲು ಓದಬೇಕಿತ್ತು. ಮೈಕ್ರೋಚಿಪ್‌ನವರ 24ಎಲ್‌ಸಿ256ರಲ್ಲಂತೂ ನೇರ ಮಾತು: ಈ ಕಾಲನ್ನು ವಿಸಿಸಿಗೋ ಗ್ರೌಂಡಿಗೋ ಕಟ್ಟಲೇಬೇಕು. 2016ರಲ್ಲಿ ಮೈಕ್ರೋಚಿಪ್‌ನವರು ಆಟ್ಮೆಲ್ ಅನ್ನು ಕೊಂಡರು, ಆದರೂ ಎರಡು ಸಾಲಿನ ಚಿಪ್ಪುಗಳ ನಡತೆ ಇನ್ನೂ ಬೇರೆ ಬೇರೆ. ಗುರುತಿಲ್ಲದ ಚಿಪ್ಪಿನೊಳಗೆ ಯಾವ ಜಾತಿ ಇದೆ ಅಂತ ಹೇಳುವವರು ಯಾರು? 7 ಮೆಗಾಓಮಿನ ಧೂಳಿಗೆ ಸೋತ ಕಾಲಿನಲ್ಲಿ ಹೇಳಿಕೊಳ್ಳುವಂಥ ಒಳ ಎಳೆತ ಇಲ್ಲ ಅನ್ನುವುದಷ್ಟು ನನಗೆ ಕಂಡಿದೆ.

ಈಗ ನಾನು ಮಾಡುವ ರಿಪೇರಿ. ಇದು ಹತ್ತು ನಿಮಿಷದ ಕೆಲಸ, ಈ ಮಾಡ್ಯೂಲ್ ಕೊಂಡವರೆಲ್ಲರೂ ಮಾಡಲೇಬೇಕು ಅನ್ನುತ್ತೇನೆ.

ಮೂರು ಪಿನ್ನಿನ ಸಾಲನ್ನು ಕಟರ್‌ನಿಂದ ಬುಡಕ್ಕೇ ಕತ್ತರಿಸಿ ತೆಗೆಯುತ್ತೇನೆ. ಉಳಿದ ಬುಡಗಳಲ್ಲಿ ನಡುವಿನದಕ್ಕೂ ವಿಸಿಸಿಗೂ ನಡುವೆ ಒಂದು 10ಕೆ (10 ಸಾವಿರ ಓಮ್) ರೆಸಿಸ್ಟರ್ ಬೆಸೆಯುತ್ತೇನೆ. ನಡುವಿನದರಿಂದಲೇ ಒಂದು ತೆಳು ವೈರ್ ತಂದು ನ್ಯಾನೋದ ಡಿ4 ಪಿನ್ನಿಗೆ ಸೇರಿಸುತ್ತೇನೆ. ಆಲ್ಕೋಹಾಲಿನಿಂದ ತೊಳೆದು, ಒಣಗಿದ ಮೇಲೆ ಚಿಪ್ಪಿನ ಸುತ್ತ ಬೋರ್ಡ್ ವಾರ್ನಿಷ್ ಎರಡು ಸಲ ಬಳಿಯುತ್ತೇನೆ. ನೇರವಾಗಿ ಗ್ರೌಂಡಿಗೆ ಕಟ್ಟಿದರೆ ಇನ್ನೂ ಸುಲಭವಲ್ಲವೇ ಅಂತ ಹುಡುಗಿ ಕೇಳಿದಳು. ಸುಲಭವೇ, ಬರಹ ನಿಲ್ಲುವ ಕಾಟವೂ ಹೋಗುತ್ತದೆ. ಆದರೆ ಆಗ ಬೀಗ ಯಾವಾಗಲೂ ತೆರೆದೇ ಇರುತ್ತದೆ. ಮಿಲ್ಲಿನಲ್ಲಿ ದೊಡ್ಡ ಮೋಟಾರ್ ಎತ್ತಿಕೊಳ್ಳುವಾಗ, ಕರೆಂಟ್ ಹೋಗುವಾಗ ವೋಲ್ಟೇಜ್ ಕುಸಿಯುತ್ತದೆ. ಕುಸಿಯುವ ಆ ಹೊತ್ತಿನಲ್ಲಿ ನ್ಯಾನೋ ಅಡ್ಡಾದಿಡ್ಡಿ ಓಡಿ ಮೆಮೊರಿಯಲ್ಲಿ ಕಸ ಬರೆದುಬಿಡಬಹುದು. 10ಕೆ ಮೇಲಕ್ಕೆ ಎಳೆದಿದ್ದರೆ, ನ್ಯಾನೋ ರಿಸೆಟ್‌ಗೆ ಬಿದ್ದ ಕೂಡಲೇ ಡಿ4 ಕೈಬಿಡುತ್ತದೆ, ಬೀಗ ತಾನಾಗಿಯೇ ಬೀಳುತ್ತದೆ. ಜೊತೆಗೆ ನ್ಯಾನೋದ ಬ್ರೌನ್-ಔಟ್ ಮಟ್ಟ (ವೋಲ್ಟೇಜ್ ಇದಕ್ಕಿಂತ ಇಳಿದರೆ ರಿಸೆಟ್ ಆಗುವ ಮಟ್ಟ) ಸಾಮಾನ್ಯವಾಗಿ 2.7 ವೋಲ್ಟಿಗೆ ಇಟ್ಟು ಬರುತ್ತದೆ, ಅದನ್ನು ಫ್ಯೂಸ್ ಅನ್ನುವ ಚಿಪ್ಪಿನ ಒಳ ಸೆಟ್ಟಿಂಗ್ ಬದಲಿಸಿ 4.3 ಮಾಡಿಕೊಂಡೆ. 16 ಮೆಗಾಹರ್ಟ್ಜ್‌ನಲ್ಲಿ ಓಡುವ ಚಿಪ್ಪಿಗೆ 2.7 ತೀರಾ ಕೆಳಗಾಯಿತು.

ಬರೆಯುವ ಕ್ರಮದಲ್ಲಿ ಒಂದು ಸೂಕ್ಷ್ಮ ಇದೆ. ಮೈಕ್ರೋಚಿಪ್‌ನವರ ಚಿಪ್ಪಿನಲ್ಲಿ ಏಳನೇ ಕಾಲನ್ನು ನೋಡುವುದು ಬರಹದ ಕೊನೆಯ ಸ್ಟಾಪ್ ಗುರುತಿನ ಹೊತ್ತಿಗೆ. ಅದಕ್ಕೆ ಬರಹ ಶುರುವಿನ ಸ್ಟಾರ್ಟ್ ಗುರುತು ಕೊಡುವ ಮೊದಲೇ ಡಿ4 ಕೆಳಗೆ ಎಳೆದು, ಸ್ಟಾಪ್ ಮುಗಿದು ಚಿಪ್ ಮತ್ತೆ ಉತ್ತರ ಕೊಡುವವರೆಗೆ ಹಾಗೇ ಹಿಡಿದಿಟ್ಟು, ಆಮೇಲೆ ಬಿಡುತ್ತೇನೆ. ಬಿಟ್ಟ ಮೇಲೆ ಅದೇ ಜಾಗ ತಿರುಗಿ ಓದಿ ಹೋಲಿಸುತ್ತೇನೆ. ತಾಳೆಯಾಗದಿದ್ದರೆ ಬಜರ್ ಕೂಗುತ್ತದೆ. ಈಗ ಚೀಲ ಬರೆಯದೇ ಉಳಿದರೆ ಬೆಲ್ಟ್ ಪಕ್ಕದವರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಕರೆಂಟ್ ಹೋಗುವವರೆಗೆ ಕಾಯಬೇಕಿಲ್ಲ. ಇನ್ನೊಂದು, ಪ್ರತಿ ಚೀಲಕ್ಕೂ ಒಂದೇ ಜಾಗದಲ್ಲಿ ಬರೆಯಬೇಡಿ. ಇಂಥ ಚಿಪ್ಪಿಗೆ ಕಂಪನಿಯವರು ಹೇಳುವ ಆಯಸ್ಸು 10 ಲಕ್ಷ ಬರಹ. ದಿನಕ್ಕೆ 2,000 ಚೀಲ ಅಂದರೆ 500 ದಿನಕ್ಕೆ ಮುಗಿಯಿತು. ಒಳಗೆ 512 ಪುಟ ಇವೆ, ಸರದಿಯಂತೆ ಒಂದಾದ ಮೇಲೊಂದು ಬಳಸಿದರೆ ಪೆಟ್ಟಿಗೆ ಹಳತಾಗಬೇಕೇ ವಿನಾ ಚಿಪ್ ಸವೆಯುವುದಿಲ್ಲ.

ಉಳಿದ ಕಾಲುಗಳ ಮಾತಿಗೆ ಬಂದರೆ, 1, 2, 3 ವಿಳಾಸದ ಕಾಲುಗಳು. ಈ ಮಾಡ್ಯೂಲಿನಲ್ಲಿ ಇವೂ ಜಂಪರ್ ಬೆಸೆಯುವವರೆಗೆ ತೆರೆದೇ ಇವೆ. ನಾನು ಮೂರನ್ನೂ ಗ್ರೌಂಡಿಗೆ ಬೆಸೆದೆ, ಆಗ ವಿಳಾಸ ಹೆಕ್ಸ್ (ಹದಿನಾರರ ಎಣಿಕೆ) 50 ಆಗುತ್ತದೆ. ಮೂರನೇ ಕಾಲಿನ ಮೇಲೆ ಕಣ್ಣಿರಲಿ. ಹಳೆಯ ಎಟಿ24ಸಿ256ರಲ್ಲಿ ಅದು ಎಲ್ಲಿಗೂ ಸೇರದ ಖಾಲಿ ಕಾಲು, ಆಮೇಲಿನ "ಸಿ" ಆವೃತ್ತಿಯಲ್ಲಿ ಅದೇ ಕಾಲು ಎ2 ವಿಳಾಸ. ಖಾಲಿ ಅಂತ ಬಿಟ್ಟ ಬೋರ್ಡಿಗೆ ಮುಂದೆ ಹೊಸ ಚಿಪ್ ಹಾಕಿದರೆ ವಿಳಾಸ ಯಾವ ಕಡೆ ವಾಲುತ್ತದೋ ಚಿಪ್ಪಿನ ಒಳ ಎಳೆತದ ಮೇಲೆ ಬಿಟ್ಟದ್ದು. ಗ್ರೌಂಡಿಗೆ ಕಟ್ಟಿದ್ದರೆ ಎರಡಕ್ಕೂ ಸರಿ. ಸಣ್ಣ 24ಸಿ02ರಲ್ಲಿ ಇದರ ತಿರುವು ನೋಡಿದ್ದೇನೆ. ಆಟ್ಮೆಲ್‌ನದು ಮೂರೂ ವಿಳಾಸದ ಕಾಲು ನೋಡುತ್ತದೆ, ಮೈಕ್ರೋಚಿಪ್‌ನ 24ಎಲ್‌ಸಿ02ಬಿ ಒಂದನ್ನೂ ನೋಡುವುದಿಲ್ಲ, ಹೆಕ್ಸ್ 50ರಿಂದ 57ರವರೆಗೆ ಯಾವ ವಿಳಾಸಕ್ಕೆ ಕರೆದರೂ "ನಾನೇ" ಅನ್ನುತ್ತದೆ. ಒಂದೇ ತಂತಿಯ ಮೇಲೆ ಎರಡು ಮೆಮೊರಿ ಇರುವ ಬೋರ್ಡಿನಲ್ಲಿ ಒಂದನ್ನು ಹೀಗೆ ಬದಲಿಸಿ, ಎರಡೂ ಒಟ್ಟಿಗೆ ಉತ್ತರ ಕೊಟ್ಟು ಕೆಟ್ಟ ಇಂಡಿಕೇಟರ್ (ಕಾಟಾದ ಡಿಸ್‌ಪ್ಲೇ ಪೆಟ್ಟಿಗೆ) ನನ್ನ ಟೇಬಲ್ಲಿಗೆ ಬಂದಿದೆ.

ಹಳೆಯ ಕಾಟಾಗಳಲ್ಲಿ ಸಿಗುವ ಹಲವು 93ಸಿ46 ಮೆಮೊರಿ ಚಿಪ್ಪುಗಳಿಗೆ ಆರನೇ ಕಾಲು ಓಆರ್‌ಜಿ, ಒಳಗಿನ ಜಾಗವನ್ನು ಹೇಗೆ ಹಂಚಬೇಕು ಅಂತ ಹೇಳುವ ಕಾಲು. ತೆರೆದಿದ್ದರೆ ಅಥವಾ ಮೇಲೆ ಕಟ್ಟಿದ್ದರೆ 16 ಬಿಟ್ಟಿನ 64 ಮನೆ, ಗ್ರೌಂಡಿಗಿದ್ದರೆ 8 ಬಿಟ್ಟಿನ 128 ಮನೆ. ಕಾಪಿ ತೆಗೆಯುವ ಮೊದಲು ಬೋರ್ಡಿನಲ್ಲಿ ಅದು ಎಲ್ಲಿಗೆ ಹೋಗಿದೆ ನೋಡಿಕೊಳ್ಳಿ. ಎಸ್‌ಪಿಐ ಅನ್ನುವ ಬೇರೆ ರೀತಿಯಲ್ಲಿ ಮಾತಾಡುವ 25 ಸಾಲಿನ ಮೆಮೊರಿ ಚಿಪ್ಪುಗಳಲ್ಲಿ ಏಳನೇ ಕಾಲು ಹೋಲ್ಡ್. ಬಳಸದಿದ್ದರೆ ವಿಸಿಸಿಗೆ ಕಟ್ಟಬೇಕು, ಕೆಳಗೆ ಜಾರಿದರೆ ಚಿಪ್ ಮಾತಿನ ನಡುವೆಯೇ ನಿಂತುಬಿಡುತ್ತದೆ. ಅಲ್ಲಿ ಡಬ್ಲ್ಯೂಪಿ ಮೂರನೇ ಕಾಲಿಗೆ ಬಂದಿರುತ್ತದೆ. 24 ಸಾಲಿನ ರೂಢಿಯಲ್ಲಿ ಏಳನೆಯದನ್ನು ಗ್ರೌಂಡಿಗೆ ಕಟ್ಟಿದವರಿಗೆ 25 ಸಾಲು ಉತ್ತರವನ್ನೇ ಕೊಡುವುದಿಲ್ಲ.

ಕಾಟಾದವರಿಗೆ ಒಂದು ಮಾತು. ಮುದ್ರೆ ಬಿದ್ದ ಕಾಟಾದ ಕ್ಯಾಲಿಬ್ರೇಷನ್ ಮೆಮೊರಿಗೆ ಈ ಮಾಡ್ಯೂಲ್ ಹಾಕಬೇಡಿ, ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಅಲ್ಲಿ ಗುರುತಿರುವ ಚಿಪ್ಪೇ ಬೇಕು, ಬೀಗದ ಕಾಲು ಮುದ್ರೆಯ ಒಳಗಿನ ಜಂಪರಿಗೇ ಹೋಗಬೇಕು, ಕೆಲಸ ಮುಗಿದ ಮೇಲೆ ಕಾನೂನು ಮಾಪನ ಇಲಾಖೆಯಿಂದ ಮತ್ತೆ ಮುದ್ರೆ ಆಗಲೇಬೇಕು. ಅದಕ್ಕೆ ಬೇಕಾದ ಚಿಪ್ ನಾನು ಹೈದರಾಬಾದಿಗೆ ಹೋದಾಗ ಕೋಟಿಯ ಗುಜರಾತಿ ಗಲ್ಲಿಯಿಂದ ತರುತ್ತೇನೆ.

ಮಾರಿದವರಿಗೂ ಬರೆದೆ. ಮೀಟರಿನ ಫೋಟೋ, ಧೂಳಿನ ಫೋಟೋ ಕಳಿಸಿ, ಒಂದು ರೆಸಿಸ್ಟರ್ ಸೇರಿಸಿ, ಇಲ್ಲವೇ ಒಂದು ಜಂಪರ್ ಕ್ಯಾಪ್ ಆದರೂ ಹಾಕಿ ಕಳಿಸಿ ಅಂದೆ. ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ ಅಂತ ಉತ್ತರ ಬಂತು, ಮರುದಿನವೇ ಬಂತು, ಅದು ಮರ್ಯಾದೆಯ ನಡತೆ. ಆದರೆ ಮಾರಾಟದ ಪುಟದಲ್ಲಿ ಆ ಸಾಲು ಇವತ್ತಿಗೂ ಹಾಗೇ ಇದೆ. ದುಡ್ಡು ತೆಗೆದುಕೊಳ್ಳಲಿಲ್ಲ, ನನಗೆ ಬೇಕಾದದ್ದು ಆ ಸಾಲು ತೆಗೆಯುವುದು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಬೆಸುಗೆ ಕಡ್ಡಿ ಹಿಡಿಯಲು ಬರುವವರು ತಗೊಳ್ಳಿ, ಈ ಬೆಲೆಗೆ 32,768 ಒಳ್ಳೆಯ ಬೈಟ್ ಸಿಗುತ್ತದೆ. ಪಿನ್ನಿಗೆ ವೈರ್ ಚುಚ್ಚಿ ಹಾಗೇ ಓಡಿಸುವ ವಿದ್ಯಾರ್ಥಿಗಳು ಮೊದಲು ಡಬ್ಲ್ಯೂಪಿಯ ನಡುವಿನ ಪಿನ್ನನ್ನೂ ಗ್ರೌಂಡ್ ಪಿನ್ನನ್ನೂ ಒಂದು ಕ್ಯಾಪ್ ಹಾಕಿ ಸೇರಿಸಿ, ಸೂಪರ್ ಮಾರ್ಕೆಟ್ ಕಡೆಯ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಹಳೆಯ ಹಾರ್ಡ್‌ಡಿಸ್ಕಿನ ಕ್ಯಾಪ್ ಸಿಗುತ್ತದೆ.

ಮಿಲ್ಲಿನ ಎರಡೂ ಪೆಟ್ಟಿಗೆ ಫೆಬ್ರುವರಿಯಿಂದ ಹೊಸ ವೈರಿಂಗಿನಲ್ಲಿ ಓಡುತ್ತಿವೆ. ಹೋದ ವಾರ ನಾನು ಅಲ್ಲೇ ಇದ್ದಾಗ ಲೋಡ್ ನಡುವೆ ಕರೆಂಟ್ ಹೋಯಿತು. ಜನರೇಟರ್ ಎತ್ತಿಕೊಂಡಿತು, ಡಿಸ್‌ಪ್ಲೇ 268 ತೋರಿಸಿತು. ಕಾಕಾ ಗೋಡೆಯ ಮುಂದೆ ನಿಂತು ಬೆರಳಿಟ್ಟು ಎಣಿಸಿದ. ಐವತ್ಮೂರು ಕಟ್ಟು, ಮೇಲೆ ಮೂರು ಗೆರೆ. "ಕೂಡ್ತು ನೋಡ್ರಿ," ಅಂದು ಚೀಲಕ್ಕೆ ಕೈ ಹಾಕಿದ.